ಗ್ರೆಂಡೆಲ್‌ನ ತಾಯಿ

ಲೀಡ್ಸ್

ಅಮ್ಮಾ,

ನಾನು ಚೆನ್ನಾಗಿದ್ದೇನೆ. ನೀನು ಕಳಿಸಿದ ಹಪ್ಪಳ ಪುಡಿಪುಡಿಯಾಗಿ ಬಂತು. ಆ ಪುಡಿಯನ್ನೂ ಬಿಡಲಿಲ್ಲ.

ಮೊನ್ನೆ ಫೋನಿನಲ್ಲಿ ಅಜ್ಜಿ "ಅಷ್ಟು ದೂರ ಹೋಗಿ ಅದೇನು ಓದ್ತಾಳೆ ಇವಳು" ಅಂದದ್ದು ನನಗೂ ಕೇಳಿಸಿತು. ರಾಕ್ಷಸಿ ಕಥೆ ಅಂತ ಹೇಳು. ಸುಳ್ಳಲ್ಲ.

ಈ ವಾರ 'ಬೇವುಲ್ಫ್' ನಡೆಯುತ್ತಿದೆ. ಹಳೆಯ ಇಂಗ್ಲಿಷಿನ ಕಾವ್ಯ, 3182 ಸಾಲು. ಉಳಿದಿರುವುದು ಒಂದೇ ಹಸ್ತಪ್ರತಿ, ಅದೂ 1731ರ ಬೆಂಕಿಯಲ್ಲಿ ಅಂಚು ಸುಟ್ಟದ್ದು. ಗ್ರೆಂಡೆಲ್ ಎಂಬ ರಾಕ್ಷಸ 12 ವರ್ಷ ಡೆನ್ಮಾರ್ಕಿನ ರಾಜನಿಗೆ ಕಾಟ ಕೊಡುತ್ತಾನೆ. ಬೇವುಲ್ಫ್ ಎಂಬ ಯೋಧ ಬಂದು ಅವನ ತೋಳನ್ನೇ ಕೀಳುತ್ತಾನೆ. ತೋಳನ್ನು ಅರಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ಮಾರನೆಯ ರಾತ್ರಿ ಅವನ ತಾಯಿ ಬರುತ್ತಾಳೆ. ಒಬ್ಬನನ್ನು ಹಿಡಿದುಕೊಂಡು ಓಡುತ್ತಾಳೆ, ಮಗನ ತೋಳನ್ನೂ ಒಯ್ಯುತ್ತಾಳೆ. ಅಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಮಗನಿಗೆ ಹೆಸರಿದೆ, ಅವಳಿಗೆ ಇಲ್ಲ. ಕೊಲೆಗೆ ಕೊಲೆ ಅನ್ನುವುದು ಆ ಕಾವ್ಯದ ಗಂಡಸರೆಲ್ಲರ ರೂಢಿ. ಇವಳು ಮಾಡಿದರೆ ಮಾತ್ರ ರಾಕ್ಷಸಿ! ಅವಳನ್ನು ಕವಿ 'ಇದೇಸ್', ಅಂದರೆ ಗೌರವದ ಹೆಂಗಸು, ಅಂತಲೂ ಕರೆಯುತ್ತಾನೆ. ರಾಣಿಗೂ ಅದೇ ಪದ. ಅವಳಿಗೆ ಬಳಸಿದ ಇನ್ನೊಂದು ಪದದಲ್ಲಿ 'ಆಗ್ಲೇಚ' ಸೇರಿದೆ, ಭಯ ಹುಟ್ಟಿಸುವ ಹೋರಾಟಗಾರ ಅನ್ನಬಹುದು. ಕೊನೆಗೆ ಡ್ರ್ಯಾಗನ್ ಜೊತೆ ಕಾದಾಡುವಾಗ ಬೇವುಲ್ಫ್‌ಗೂ ಅದೇ ಪದ. ಆದರೆ ಈಗಿನ ಇಂಗ್ಲಿಷಿಗೆ ತಂದವರಲ್ಲಿ ತುಂಬಾ ಜನ ಅವನನ್ನು ವೀರ ಮಾಡಿದರು, ಇವಳನ್ನು ಪಿಶಾಚಿ ಮಾಡಿದರು. ನನಗೆ ಸಿಟ್ಟು ಬಂದದ್ದು ಕವಿಯ ಮೇಲಲ್ಲ, ಇವರ ಮೇಲೆ.

ಅವಳನ್ನು ಕೊಲ್ಲಲು ಬೇವುಲ್ಫ್ ಅವಳಿರುವ ಕೆರೆಗೆ ಇಳಿಯುತ್ತಾನೆ. ಕೆರೆಯ ಅಡಿಯಲ್ಲಿ ಅವಳು ಅವನ ಮೈಮೇಲೆ ಕೂತು ಚೂರಿ ಎತ್ತುತ್ತಾಳೆ. ಕೆಲವು ಸಾಲುಗಳಲ್ಲಿ ಕವಿ ಅವಳನ್ನು 'ಅವನು' ಅಂದುಬಿಡುತ್ತಾನೆ. ಅಷ್ಟು ಬಲ ಇದ್ದ ಮೈ ಹೆಣ್ಣಿನದು ಅನ್ನಲು ಬಾಯಿ ಬರಲಿಲ್ಲವೋ ಏನೋ. ನಮ್ಮ ಯಕ್ಷಗಾನದ ಆಟದಲ್ಲಿ ಹಿಡಿಂಬೆಯ ಹೆಣ್ಣು ಬಣ್ಣದ ವೇಷ, ಅಂದರೆ ರಾಕ್ಷಸಿಯ ವೇಷ, ಕಟ್ಟುವುದೂ ಗಂಡಸೇ ಅಲ್ವಾ!

ಅದೇ ಹಸ್ತಪ್ರತಿಯಲ್ಲಿ ಪೂರ್ವ ದೇಶದ ವಿಚಿತ್ರಗಳ ಒಂದು ಪುಸ್ತಕ ಇದೆ. ಅದರಲ್ಲಿ 13 ಅಡಿ ಎತ್ತರದ, ಬಾಲ ಇರುವ ಹೆಂಗಸರು ಬರುತ್ತಾರೆ. ಅವರ ಮೈ ಅಸಹ್ಯ ಅಂತ ಅಲೆಕ್ಸಾಂಡರ್ ಕೊಂದನಂತೆ. ಅವನು ಇಂಡಿಯಾದಿಂದ ಬರೆದದ್ದು ಅನ್ನುವ ಪತ್ರವೂ ಇದೆ, ಅದರ ತುಂಬಾ ವಿಚಿತ್ರ ಪ್ರಾಣಿಗಳು. ಕ್ಲಾಸಿನಲ್ಲಿ ಎಲ್ಲರೂ ನನ್ನ ಕಡೆ ನೋಡಿ ನಕ್ಕರು.

ಅಜ್ಜಿಯ ಹತ್ತಿರ ಒಂದು ಕೇಳು. ಭೀಮ ಅಣ್ಣನನ್ನು ಕೊಂದಾಗ ಹಿಡಿಂಬೆ ಅಳುವುದನ್ನು ಯಾವ ಮೇಳದವರಾದರೂ ತೋರಿಸಿದ್ದಾರಾ?

ನಿನ್ನ ಮಗಳು