ಮರದಚ್ಚಿನ ಚಿತ್ರಗಳು ರದ್ದಿಗೆ ಹೋಗ್ಬಾರ್ದು

ಸಂಪಾದಕರಿಗೆ ನಮಸ್ಕಾರ,

ನಮ್ಮ ಕಡೆ ಒಂದು ಲೈಬ್ರರಿಯವ್ರು ರದ್ದಿಗೆ ಹಾಕಿದ್ದ ರಾಶೀಲಿ ಡಾನ್ ಕ್ವಿಕ್ಸೋಟ್ ಅನ್ನೋ ಸ್ಪೇನ್ ದೇಶದ ಕಾದಂಬರಿಯ ಹಳೇ ಪುಸ್ತಕ ಸಿಕ್ತು, ಮಳೆಗಾಲದ ಥಂಡಿಗೆ ರಟ್ಟೆಲ್ಲ ಬೂಸ್ಲು ಹಿಡಿದಿದೆ ಆದ್ರೆ ಒಳಗಿನ ಚಿತ್ರ ನೋಡ್ಬೇಕು ಸಾರ್! ಫ್ರಾನ್ಸಿನ ಚಿತ್ರಕಾರ ಗುಸ್ತಾವ್ ಡೋರೆ ಬರೆದಿದ್ದು, ಪ್ಯಾರಿಸ್‌ನಲ್ಲಿ 1863ರಲ್ಲಿ ಮೊದಲು ಬಂದಿದ್ದು. ಮರದಲ್ಲಿ ಕೆತ್ತಿದ್ದು ಮಾತ್ರ ಪಿಸಾನ್ ಅನ್ನೋ ಕೆತ್ತನೆಗಾರ, ಚಿತ್ರದ ಕೆಳಮೂಲೇಲಿ ಅವನ ಸಹಿನೂ ಇದೆ. ಗಟ್ಟಿ ಬಾಕ್ಸ್‌ವುಡ್ ಮರನ ಅಡ್ಡಕ್ಕೆ ಕೊಯ್ದು, ನುಣುಪು ಮಾಡಿ, ಬಿಳಿ ಕಾಣ್ಬೇಕಾದ ಜಾಗ ಅಷ್ಟೇ ಸಣ್ಣ ಉಳೀಲಿ ಕೆತ್ತಿ ತೆಗೀತಿದ್ರು, ಉಳಿದಿದ್ದಕ್ಕೆ ಮಸಿ ಹತ್ತತ್ತೆ. ಕುದುರೆ ಹಿಂದಿನ ಮೋಡಕ್ಕೆ ಲೆನ್ಸ್ ಹಿಡಿದು ನೋಡ್ದೆ, ಪೂರ್ತಿ ಕೂದಲೆಳೆಯಂಥ ಗೆರೆಗಳು.

ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ನೋಡ್ಕೊಂಡೇ ಬೆಳೆದೋರಿಗೆ ಆ ಕೈಯ ಬೆಲೆ ಗೊತ್ತಾಗ್ದೇ ಇರತ್ತಾ? ಇಂಥ ಪುಸ್ತಕದ ಹಾಳೆ ಕಿತ್ತು ಫ್ರೇಮ್ ಹಾಕಿ ಮಾರೋರೂ ಇದಾರೆ, ಹೊಟ್ಟೆ ಉರಿಯತ್ತೆ. ರದ್ದಿಗೆ ಹಾಕೋ ಮುಂಚೆ ದಯವಿಟ್ಟು ಒಂದ್ಸಲ ಪುಟ ತಿರುವಿ ನೋಡಿ, ಶಿವಮೊಗ್ಗದಲ್ಲಿ ಇವಕ್ಕೆ ಅಂತ ಥಂಡಿ ಹಿಡೀದ ಒಂದು ಕೋಣೆ, ಒಂದು ಗಾಜಿನ ಬೀರು ಕೊಟ್ರೂ ಸಾಕು.

ಒಬ್ಬ ಓದುಗ, ಸಾಗರ