ಸುರುಳಿ ಚಿತ್ರದಲ್ಲಿರುವುದು ದೋಷವಲ್ಲ

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಚೀನಾದ ಪ್ರಾಚೀನ ಚಿತ್ರಕಲೆಯನ್ನು ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ಕನ್ನಡದ ದಿನಪತ್ರಿಕೆಯೊಂದು ಅರ್ಧ ಪುಟ ಮೀಸಲಿಟ್ಟದ್ದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಝಾಂಗ್ ಝೆದುವಾನ್ ಬರೆದ ನದೀತೀರದ ಸುರುಳಿ ಚಿತ್ರದ ಅಡಿಬರಹದಲ್ಲಿ, ಅದು ಪರ್ಸ್ಪೆಕ್ಟಿವ್ (ಒಂದೇ ಜಾಗದಿಂದ ನೋಡಿದವನಿಗೆ ಕಾಣುವಂತೆ ದೂರವನ್ನು ಚಿತ್ರಿಸುವ ಪದ್ಧತಿ) ಇನ್ನೂ ತಿಳಿಯದಿದ್ದ ಕಾಲದ ಕೃತಿ, ಆ ದೋಷವಿದ್ದರೂ ವಿವರಗಳಿಂದ ಮನಸೆಳೆಯುತ್ತದೆ ಎಂಬರ್ಥದ ಮಾತಿತ್ತು. ಅದನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ನಾನೂ ಇದೇ ಮಾತನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೇನೆ. ಡ್ರಾಯಿಂಗ್ ಪರೀಕ್ಷೆಗೆ ಕೂರುವವರಿಗೆ ರೈಲುಹಳಿ ಮತ್ತು ಸಾಲುಮರಗಳ ಚಿತ್ರ ಹಾಕಿಸಿ, ರೇಖೆಗಳು ದಿಗಂತದಲ್ಲಿ ಒಂದೇ ಬಿಂದುವಿಗೆ ಬಂದು ಕೂಡಿದರೆ ಸರಿ, ಕೂಡದಿದ್ದರೆ ತಪ್ಪು ಎಂದು ಅಂಕ ಕಳೆದಿದ್ದೇನೆ. ಆ ಅಳತೆಗೋಲನ್ನೇ ಚೀನೀ ಚಿತ್ರಗಳಿಗೂ ಹಿಡಿದದ್ದು ತಪ್ಪೆಂದು ನನಗೆ ಅರಿವಾದದ್ದು ಬಹಳ ತಡವಾಗಿ.

ನಾವು ಶಾಲೆಯಲ್ಲಿ ಕಲಿಸುವ ಪದ್ಧತಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ 15ನೆಯ ಶತಮಾನದ ಆರಂಭದಲ್ಲಿ ರೂಪುಗೊಂಡದ್ದು. ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ ಅಲ್ಲಿನ ದೊಡ್ಡ ಇಗರ್ಜಿಯ ಎದುರಿಗಿರುವ ದೀಕ್ಷಾಸ್ನಾನದ ಮಂದಿರವನ್ನು ಹಲಗೆಯ ಮೇಲೆ ಚಿತ್ರಿಸಿ, ಹಲಗೆಗೆ ರಂಧ್ರ ಕೊರೆದು, ನೋಡುವವನು ಹಿಂಬದಿಯಿಂದ ಆ ರಂಧ್ರಕ್ಕೆ ಕಣ್ಣಿಟ್ಟು, ಮುಂದೆ ಹಿಡಿದ ಕನ್ನಡಿಯಲ್ಲಿ ಚಿತ್ರದ ಪ್ರತಿಬಿಂಬವನ್ನು ಕಾಣುವಂತೆ ಮಾಡಿದನು. ಇಡೀ ಪದ್ಧತಿಯ ಷರತ್ತು ಈ ಪ್ರಯೋಗದಲ್ಲೇ ಇದೆ: ಒಂದು ಕಣ್ಣು, ಒಂದು ಜಾಗ, ಒಂದು ಗಳಿಗೆ. 1435ರಲ್ಲಿ ಇಟಲಿಯ ವಿದ್ವಾಂಸ ಆಲ್ಬರ್ಟಿ ಇದನ್ನು ನಿಯಮಗಳಾಗಿ ಬರೆದಿಟ್ಟನು. ಅದಕ್ಕೂ ಮೊದಲೇ, ಸುಮಾರು 1427ರಲ್ಲಿ, ಚಿತ್ರಕಾರ ಮಸಾಚ್ಚೊ ಅದೇ ನಗರದ ಸಾಂತಾ ಮರಿಯಾ ನೊವೆಲ್ಲಾ ಇಗರ್ಜಿಯ ಗೋಡೆಯ ಮೇಲೆ ಪವಿತ್ರ ತ್ರಿತ್ವದ ಚಿತ್ರವನ್ನು ಬರೆದಿದ್ದನು. ಅದರ ಕಮಾನುಚಾವಣಿಯ ರೇಖೆಗಳೆಲ್ಲ ಶಿಲುಬೆಯ ಬುಡದ ಹತ್ತಿರ, ಎದುರು ನಿಂತವನ ಕಣ್ಣಿನ ಮಟ್ಟದಲ್ಲಿ ಕೂಡಿಕೊಳ್ಳುವುದರಿಂದ, ಗೋಡೆಯ ಒಳಗೆ ಇನ್ನೊಂದು ಗುಡಿ ತೆರೆದುಕೊಂಡಂತೆ ಕಾಣುತ್ತದೆ. ಇದು ಮನುಷ್ಯನ ಬುದ್ಧಿ ಸಾಧಿಸಿದ ದೊಡ್ಡ ಸಂಗತಿ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆದರೆ ನಾವು ದಿನವೂ ಲೋಕವನ್ನು ನೋಡುವುದು ಎರಡು ಕಣ್ಣುಗಳಿಂದ, ಕತ್ತು ಹೊರಳಿಸುತ್ತ, ನಡೆದಾಡುತ್ತ.

ಚೀನಾದ ಚಿತ್ರಕಾರರಿಗೆ ಒಂದೇ ಜಾಗದಿಂದ ನೋಡಿ ಬರೆಯುವುದು ಗೊತ್ತಿರಲಿಲ್ಲವೆ? ಗೊತ್ತಿತ್ತು ಎನ್ನುವುದಕ್ಕೆ ಬರಹದ ಸಾಕ್ಷ್ಯವೇ ಇದೆ. 10ನೆಯ ಶತಮಾನದ ಪ್ರಸಿದ್ಧ ಚಿತ್ರಕಾರ ಲಿ ಚೆಂಗ್ ಬೆಟ್ಟದ ಮೇಲಿನ ಮಂಟಪ ಮತ್ತು ಗೋಪುರಗಳನ್ನು ಕೆಳಗೆ ನಿಂತು ತಲೆಯೆತ್ತಿ ನೋಡಿದವನಿಗೆ ಕಾಣುವಂತೆ, ಸೂರಿನ ಅಡಿಯ ತೊಲೆಗಳು ತೋರುವಂತೆ ಬರೆಯುತ್ತಿದ್ದನು. ನೆಲದ ಮೇಲೆ ನಿಂತವನಿಗೆ ಗೋಪುರ ಕಾಣುವುದೇ ಹಾಗೆ ಎಂಬುದು ಅದಕ್ಕಿದ್ದ ಸಮರ್ಥನೆ. 11ನೆಯ ಶತಮಾನದ ವಿದ್ವಾಂಸ ಶೆನ್ ಕುವೊ ಈ ಪದ್ಧತಿಯನ್ನೇ ಖಂಡಿಸಿದನು. ಮನೆಯಂಗಳದ ಕೃತಕ ಗುಡ್ಡವನ್ನು ನಾವು ಹೇಗೆ ಒಟ್ಟಾಗಿ ಮೇಲಿನಿಂದ ನೋಡುತ್ತೇವೆಯೋ ಹಾಗೆ, ದೊಡ್ಡದರ ನೆಲೆಯಲ್ಲಿ ನಿಂತು ಸಣ್ಣದನ್ನು ನೋಡುವುದೇ ನಿಸರ್ಗಚಿತ್ರದ ಮಾರ್ಗ ಎಂಬುದು ಅವನ ವಾದ. ನಿಜವಾದ ಬೆಟ್ಟದ ಬುಡದಲ್ಲಿ ನಿಂತವನಿಗೆ ಒಂದು ಸಾಲು ಬೆಟ್ಟ ಮಾತ್ರ ಕಾಣುತ್ತದೆ. ಅದರ ಹಿಂದಿನ ಸಾಲುಗಳೂ ಕಣಿವೆಯೊಳಗಿನ ಸಂಗತಿಗಳೂ ಅವನಿಗೆ ಕಾಣುವುದಿಲ್ಲ. ಮನೆಯ ಮುಂದೆ ನಿಂತವನಿಗೂ ಒಳಗಿನ ಅಂಗಳ, ಹಿಂದಿನ ಓಣಿ ಕಾಣವು. ಎತ್ತರವನ್ನೂ ದೂರವನ್ನೂ ಮಡಿಸಿ ಜೋಡಿಸುವುದಕ್ಕೆ ಅದರದೇ ಆದ ಸೂಕ್ಷ್ಮ ನ್ಯಾಯವಿದೆ, ಅದು ಮಾಡಿನ ಮೂಲೆ ಎತ್ತಿ ತೋರಿಸುವ ಕೆಲಸವಲ್ಲ ಎಂದು ಅವನು ಬರೆದನು. ಬ್ರುನೆಲ್ಲೆಸ್ಕಿ ಹುಟ್ಟುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲು ನಡೆದ ಚರ್ಚೆಯಿದು. ಲಿ ಚೆಂಗ್‌ನ ಬಳಿ ಫ್ಲಾರೆನ್ಸಿನವರ ಗಣಿತವಿರಲಿಲ್ಲ, ನಿಜ. ಆದರೆ ಒಂದು ಕಡೆ ನಿಂತ ಕಣ್ಣಿಗೆ ಚಿತ್ರವನ್ನು ಒಪ್ಪಿಸಬೇಕೆ ಬೇಡವೆ ಎಂಬ ಪ್ರಶ್ನೆ ಅಲ್ಲಿ ಎದ್ದಿತ್ತು, ಬೇಡವೆಂಬ ಉತ್ತರವನ್ನು ತಿಳಿದೇ ಕೊಟ್ಟಿದ್ದರು. ತಿಳಿದು ಬಿಟ್ಟದ್ದನ್ನು ತಿಳಿಯದೆ ಬಿಟ್ಟದ್ದೆಂದು ನಾವು ಬರೆಯಬಾರದು.

ಶೆನ್ ಕುವೊನ ಕಾಲದವನೇ ಆದ ಆಸ್ಥಾನ ಚಿತ್ರಕಾರ ಗುವೊ ಶಿ ದೂರವನ್ನು ಮೂರು ಬಗೆಯಾಗಿ ವಿಂಗಡಿಸಿದನು. ಬೆಟ್ಟದ ಬುಡದಿಂದ ಶಿಖರವನ್ನು ನೋಡುವುದು ಎತ್ತರದ ದೂರ. ಮುಂದಿನ ಬೆಟ್ಟದಿಂದ ಹಿಂದಿನದನ್ನು ಇಣುಕಿ ನೋಡುವುದು ಆಳದ ದೂರ. ಹತ್ತಿರದ ಬೆಟ್ಟದಿಂದ ದೂರದ ಬೆಟ್ಟಗಳತ್ತ ಕಣ್ಣು ಹಾಯಿಸುವುದು ಸಮತಲದ ದೂರ. ಅವನು 1072ರಲ್ಲಿ ಬರೆದ, ಈಗ ತೈಪೆಯ ವಸ್ತುಸಂಗ್ರಹಾಲಯದಲ್ಲಿರುವ 'ವಸಂತದ ಮೊದಲ ದಿನಗಳು' ಎಂಬ ಚಿತ್ರದಲ್ಲಿ ಈ ಮೂರೂ ಒಂದೇ ರೇಷ್ಮೆಯ ಮೇಲೆ ಸೇರಿವೆ. ನಡುವಿನ ಶಿಖರಕ್ಕೆ ತಲೆಯೆತ್ತುತ್ತೇವೆ, ಒಂದು ಬದಿಯಲ್ಲಿ ಕಣಿವೆಯೊಳಗೆ ದೂರದವರೆಗೆ ಸಾಗುತ್ತೇವೆ. ನಡುನಡುವಿನ ಮಂಜು ಒಂದು ನೋಟದಿಂದ ಇನ್ನೊಂದಕ್ಕೆ ನಮ್ಮನ್ನು ದಾಟಿಸುತ್ತದೆ. ಬೆಟ್ಟದ ಆಕಾರ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ ಎಂಬುದು ಗುವೊ ಶಿಯದೇ ಮಾತು. ಕೇವಲ ನೋಡಬಹುದಾದ ಚಿತ್ರಕ್ಕಿಂತ, ಒಳಗೆ ಅಲೆದಾಡಬಹುದಾದ, ವಾಸ ಮಾಡಬಹುದಾದ ಚಿತ್ರವೇ ಮೇಲೆಂದು ಅವನು ಎಣಿಸಿದ್ದನು.

ಈ ವಿಚಾರದ ಬೇರು ಇನ್ನೂ ಹಳೆಯದು. ಕ್ರಿ.ಶ. 375ರಿಂದ 443ರವರೆಗೆ ಬದುಕಿದ್ದ ಚೀನೀ ಚಿತ್ರಕಾರ ಜೋಂಗ್ ಬಿಂಗ್, ತೆಳುವಾದ ರೇಷ್ಮೆಯನ್ನು ಹರಡಿ ಹಿಡಿದರೆ ಕುನ್ಲುನ್ ಪರ್ವತದ ಆಕಾರವೂ ಅಂಗುಲದಷ್ಟು ಜಾಗದಲ್ಲಿ ಅಡಗುತ್ತದೆ, ದೂರ ಹೋದಷ್ಟೂ ವಸ್ತು ಚಿಕ್ಕದಾಗಿ ಕಾಣುತ್ತದೆ ಎಂದು ಬರೆದಿದ್ದಾನೆ. ಸಾವಿರ ವರ್ಷಗಳ ನಂತರ ಆಲ್ಬರ್ಟಿ, ಕಣ್ಣಿಗೂ ವಸ್ತುವಿಗೂ ನಡುವೆ ತೆಳುಬಟ್ಟೆಯ ತೆರೆ ಕಟ್ಟಿ ಬರೆಯಿರಿ ಎಂದು ಚಿತ್ರಕಾರರಿಗೆ ಹೇಳಿಕೊಟ್ಟನು. ಎರಡೂ ಕಡೆ ಬಟ್ಟೆಯಿದೆ, ಉದ್ದೇಶ ಮಾತ್ರ ಬೇರೆ. ಆಲ್ಬರ್ಟಿಗೆ ಬೇಕಾದದ್ದು ಅಲುಗದ ಅಳತೆ. ಜೋಂಗ್ ಬಿಂಗ್‌ನಾದರೋ ಮುಪ್ಪು ಮತ್ತು ಕಾಯಿಲೆಯಿಂದ ಬೆಟ್ಟ ಹತ್ತಲಾಗದಿದ್ದಾಗ, ತಾನು ತಿರುಗಿದ ಬೆಟ್ಟಗಳನ್ನೆಲ್ಲ ಕೋಣೆಯ ಗೋಡೆಗಳ ಮೇಲೆ ಬರೆದುಕೊಂಡು, ಮಲಗಿದಲ್ಲಿಂದಲೇ ಅವುಗಳಲ್ಲಿ ಸಂಚರಿಸಿದನು. ಈ ಸಂಗತಿಯನ್ನು ಮೊದಲು ಓದಿದ ದಿನ ನನಗೆ ಬಹಳ ಹೊತ್ತು ಬೇರೇನೂ ಓದಲಾಗಲಿಲ್ಲ.

ಇನ್ನು ತಮ್ಮಲ್ಲಿ ಅಚ್ಚಾದ ಚಿತ್ರದ ವಿಷಯ. 12ನೆಯ ಶತಮಾನದ ಆರಂಭದ್ದೆಂದು ಎಣಿಸಲಾಗುವ, ಈಗ ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿರುವ ಆ ಸುರುಳಿಯ ಎತ್ತರ 24.8 ಸೆಂ.ಮೀ., ಉದ್ದ 528.7 ಸೆಂ.ಮೀ. ಇಂಥ ಸುರುಳಿಯನ್ನು ಗೋಡೆಗೆ ತೂಗುಹಾಕಿ ನೋಡುತ್ತಿರಲಿಲ್ಲ. ಮೇಜಿನ ಮೇಲಿಟ್ಟು, ಎಡಗೈಯಿಂದ ಬಿಚ್ಚುತ್ತ, ನೋಡಿ ಮುಗಿಸಿದ್ದನ್ನು ಬಲಗೈಯಿಂದ ಸುತ್ತಿಕೊಳ್ಳುತ್ತ, ಒಂದು ಸಲಕ್ಕೆ ತೋಳಳತೆಯಷ್ಟನ್ನು ಮಾತ್ರ ನೋಡುತ್ತಿದ್ದರು. ಬಲತುದಿಯಲ್ಲಿ ನಸುಮಂಜಿನ ಹಳ್ಳಿ, ಹೊರೆ ಹೊತ್ತ ಕತ್ತೆಗಳು. ಮುಂದೆ ನದಿ, ದೋಣಿಗಳು. ನಡುವೆ ಜನ ಕಿಕ್ಕಿರಿದ ಮರದ ಕಮಾನುಸೇತುವೆ. ಕೊನೆಯಲ್ಲಿ ಒಂಟೆಗಳು ಹಾದುಹೋಗುವ ನಗರದ್ವಾರ, ಅದರಾಚೆ ಅಂಗಡಿಬೀದಿ. ಸೇತುವೆಯ ಹತ್ತಿರ ದೋಣಿಯೊಂದು ಪಟಸ್ತಂಭವನ್ನು ಇಳಿಸಲು ಹೆಣಗುತ್ತಿದೆ, ಮೇಲಿನವರು ಕೂಗಿ ಎಚ್ಚರಿಸುತ್ತಿದ್ದಾರೆ. ಕಟ್ಟಡಗಳ ಸಮಾನಾಂತರ ರೇಖೆಗಳು ದೂರದ ಬಿಂದುವೊಂದಕ್ಕೆ ಹೋಗಿ ಕೂಡದೆ ಬಹುಮಟ್ಟಿಗೆ ಸಮಾನಾಂತರವಾಗಿಯೇ ಸಾಗುತ್ತವೆ. ಕೂಡುವುದಾದರೂ ಎಲ್ಲಿ? ಐದು ಮೀಟರಿಗೂ ಮೀರಿದ ಚಿತ್ರಕ್ಕೆ ಒಂದೇ ಬಿಂದುವನ್ನು ಗೊತ್ತುಮಾಡಿದ್ದರೆ, ಅದರಿಂದ ದೂರವಿರುವ ಎರಡೂ ತುದಿಗಳು ಎಳೆದುಕೊಂಡು ವಿಕಾರವಾಗುತ್ತಿದ್ದವು. ಬಿಂದುವಿರುವ ಭಾಗವನ್ನು ಸುತ್ತಿಟ್ಟಾಗ ಉಳಿದ ರೇಖೆಗಳಿಗೆ ಅರ್ಥವೇ ಇರುತ್ತಿರಲಿಲ್ಲ. ಬಿಚ್ಚುತ್ತ ಸುತ್ತುತ್ತ ನೋಡುವ ಚಿತ್ರಕ್ಕೆ ಸಮಾನಾಂತರ ರೇಖೆಯೇ ಸರಿಯಾದ ರೇಖೆ.

ಪಾಶ್ಚಾತ್ಯ ಕಲೆಯನ್ನು ತಗ್ಗಿಸುವುದು ನನ್ನ ಉದ್ದೇಶವಲ್ಲ. ಅಲ್ಲಿಯೂ ಕಾಲ ಒಂದೇ ಗಳಿಗೆಯಲ್ಲಿ ನಿಂತಿರಲಿಲ್ಲ: ಮಸಾಚ್ಚೊನೇ ಬ್ರಾಂಕಾಚ್ಚಿ ಪ್ರಾರ್ಥನಾಮಂದಿರದಲ್ಲಿ ಬರೆದ ತೆರಿಗೆ ಹಣದ ಚಿತ್ರದಲ್ಲಿ ಸಂತ ಪೇತ್ರ ಮೂರು ಸಲ ಕಾಣಿಸಿಕೊಳ್ಳುತ್ತಾನೆ. ಇನ್ನೊಂದು ತುದಿಯಲ್ಲಿ, ರೋಮಿನ ಸಂತ ಇಗ್ನೇಷಿಯಸ್ ಇಗರ್ಜಿಯ ಚಾವಣಿಗೆ ಆಂದ್ರೆಯಾ ಪೊಜ್ಜೊ 17ನೆಯ ಶತಮಾನದ ಕೊನೆಯಲ್ಲಿ ಬರೆದ ಚಿತ್ರವನ್ನು ನೋಡಲು ಎಲ್ಲಿ ನಿಲ್ಲಬೇಕೆಂದು ನೆಲದಲ್ಲೇ ಗುರುತು ಹಾಕಿದೆ. ಅಲ್ಲಿಂದ ಸರಿದರೆ ಬರೆದ ಕಂಬಗಳು ವಾಲುತ್ತವೆ. ಪೊಜ್ಜೊನ ಇದೇ ವಿದ್ಯೆ, 1715ರಲ್ಲಿ ಚೀನಾಕ್ಕೆ ಬಂದ ಜೆಸ್ವಿಟ್ ಚಿತ್ರಕಾರ ಕಾಸ್ತಿಲ್ಯೋನೆಯ ನೆರವಿನಿಂದ 1729ರಲ್ಲಿ ನಿಯಾನ್ ಶಿಯಾವ್ ಎಂಬ ಅಧಿಕಾರಿಯ ಮೂಲಕ ಚೀನೀ ಭಾಷೆಯಲ್ಲೇ ಅಚ್ಚಾಯಿತು. ಅರಮನೆಯವರು ಅದನ್ನು ಮೆಚ್ಚಿ ಬಳಸಿಕೊಂಡರು. ಆದರೆ ಅದೇ ಶತಮಾನದ ಚಿತ್ರಕಾರ ಜೋ ಯಿಗುಯಿ, ಪಶ್ಚಿಮದವರ ಅಳತೆ ಮತ್ತು ನೆರಳುಗಳ ಕೌಶಲವನ್ನು ಒಪ್ಪಿಯೂ, ಕುಂಚದ ಗತಿಯಿಲ್ಲದ ಅದು ಬರಿಯ ಕಸುಬು, ಚಿತ್ರವೆನಿಸದು ಎಂದು ತಳ್ಳಿಹಾಕಿದನು. ಅವನು ಮಾಡಿದ್ದೂ ಅನ್ಯಾಯವೇ. ತನ್ನ ಅಳತೆಗೋಲಿನಿಂದ ಇನ್ನೊಬ್ಬರ ಕೆಲಸವನ್ನು ಅಳೆದ ಅವನ ಮಾತಿಗೂ ನಮ್ಮ ಅಡಿಬರಹಕ್ಕೂ ನನಗೆ ಹೆಚ್ಚು ಅಂತರ ಕಾಣುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿಗಳಿವೆ. ಆ ಅಡಿಬರಹಕ್ಕೆ ಒಂದು ತಿದ್ದುಪಡಿ ಪ್ರಕಟಿಸಿರಿ. ನಾನು ಕಲಿಸಿದಂತೆಯೇ ಕಲಿಸುತ್ತಿರುವ ಶಿಕ್ಷಕರು ಪತ್ರಿಕೆಯನ್ನು ನಂಬುತ್ತಾರೆ. ಎರಡನೆಯದು ಮುದ್ರಣಕ್ಕೆ ಸಂಬಂಧಿಸಿದ್ದು. ಇಡೀ ಸುರುಳಿಯನ್ನು ಪುಟದ ಅಗಲಕ್ಕೆ, ಅಂದರೆ ಸುಮಾರು 33 ಸೆಂ.ಮೀ.ಗೆ ಇಳಿಸಿದ್ದರಿಂದ ಅದರ ಎತ್ತರ ಒಂದೂವರೆ ಸೆಂ.ಮೀ. ಮಾತ್ರ ಉಳಿದು, ಸೇತುವೆಯ ಮೇಲಿನ ಜನ ಸಾಸಿವೆಕಾಳಿಗಿಂತ ಸಣ್ಣಗಾಗಿದ್ದಾರೆ. ಅದನ್ನೇ ಐದು ತುಂಡು ಮಾಡಿ, ಬಲತುದಿಯದನ್ನು ಮೊದಲಿಟ್ಟು, ಒಂದರ ಕೆಳಗೊಂದರಂತೆ ಮುದ್ರಿಸಿದರೆ ಪ್ರತಿಯೊಂದೂ ಸುಮಾರು 8 ಸೆಂ.ಮೀ. ಎತ್ತರ ಬಂದು ಒಂದೇ ಪುಟದಲ್ಲಿ ಹಿಡಿಸುತ್ತದೆ. ಬಲದಿಂದ ಎಡಕ್ಕೆ ನೋಡಬೇಕೆಂಬ ಒಂದು ಸೂಚನೆ ಸಾಕು. ಸೇತುವೆ ಮೂರನೆಯ ತುಂಡಿನ ಆಸುಪಾಸಿನಲ್ಲಿ ಬರುತ್ತದೆ, ಅಷ್ಟು ಹೊತ್ತಿಗೆ ಓದುಗರ ಕಣ್ಣು ಹಳ್ಳಿಯ ದಾರಿಯಿಂದ ನಡೆದುಕೊಂಡೇ ಬಂದಿರುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕ, ಧಾರವಾಡ