ಲೈಸೆನ್ಸ್ ಅಂಗಡಿಗೆ ಸಾಕು, ಕೆಲಸದವರಿಗೆ ಬೇಡ: ಸಹಕಾರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಹಕಾರ ಸಚಿವರೇ,

ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಪೇಟೆಯ ಗಿರವಿ ಅಂಗಡಿಯಲ್ಲಿ 19 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಒಡವೆ ತೂಗುತ್ತೇನೆ, ಒರೆಗಲ್ಲಿಗೆ ಉಜ್ಜಿ ನೋಡುತ್ತೇನೆ, ಚೀಟಿ ಬರೆಯುತ್ತೇನೆ. ಸಂಜೆ ಲೆಕ್ಕ ಒಪ್ಪಿಸಿ, ಬೀಗದ ಕೈ ಮಾಲೀಕರಿಗೆ ಕೊಟ್ಟು ಕೊನೆ ಬಸ್ಸು ಹತ್ತುತ್ತೇನೆ. ಇಷ್ಟು ವರ್ಷ ಯಾರಿಗೂ ಪತ್ರ ಬರೆದವನಲ್ಲ. ಈ ಮಳೆಗಾಲದಲ್ಲಿ ನಡೆದದ್ದನ್ನು ನೋಡಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ನಾನು ಕೇಳುವುದು ಒಂದೇ. ಗಿರವಿ ಅಂಗಡಿ ನಡೆಸುವವರಿಗೆ ಲೈಸೆನ್ಸ್ ಇರಲಿ. ಅಲ್ಲಿ ಸಂಬಳಕ್ಕೆ ದುಡಿಯುವವರಿಗೆ ಬೇರೆ ಅನುಮತಿ, ಬೇರೆ ಸರ್ಟಿಫಿಕೇಟ್ ಬೇಡ.

1961ರ ಗಿರವಿದಾರರ ಕಾಯ್ದೆಯನ್ನು ಜಾರಿ ಮಾಡುವುದು ನಿಮ್ಮದೇ ಇಲಾಖೆ. ಲೈಸೆನ್ಸ್ ಯಾರಿಗೆ ಎಂದು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಅಂಗಡಿಯ ಲೈಸೆನ್ಸ್ ನವೀಕರಣದ ಫೈಲು ಹೋದಾಗಲೆಲ್ಲ ಕಚೇರಿಯವರು ಕೆಲಸದವರ ಫೋಟೋ ತನ್ನಿ, ಪೊಲೀಸ್ ವೆರಿಫಿಕೇಶನ್ ತನ್ನಿ, ಅದು ಬರುವ ತನಕ ಅವರನ್ನು ಒಳಗೆ ಕೂರಿಸಬೇಡಿ ಎನ್ನುತ್ತಾರೆ. ಎಲ್ಲ ಬಾಯಿಮಾತಿನಲ್ಲೇ. ಬರೆದು ಕೊಡಿ ಅಂದರೆ ಕೊಡುವುದಿಲ್ಲ. ಮೇಲಿನಿಂದ ಹೇಳಿದ್ದಾರೆ ಅನ್ನುತ್ತಾರೆ. ಮೇಲಿರುವವರು ನೀವೇ ಅಲ್ವಾ?

ನಮ್ಮಲ್ಲಿ ಒಬ್ಬ ಹುಡುಗಿ ಇದ್ದಳು. ಪಿಯುಸಿ ಮುಗಿಸಿ ಬಂದವಳು. ಮನೆ ಪಕ್ಕದ ತಾಲ್ಲೂಕಿನ ಹಳ್ಳಿಯಲ್ಲಿ. ಮಳೆಗಾಲದಲ್ಲಿ ಬಸ್ಸು ನಂಬುವ ಹಾಗಿಲ್ಲ ಎಂದು ಪೇಟೆಯಲ್ಲೇ ಒಂದು ರೂಮು ಮಾಡಿಕೊಂಡಿದ್ದಳು. ಎರಡೇ ವರ್ಷದಲ್ಲಿ ಕೆಲಸ ಎಷ್ಟು ಚೆನ್ನಾಗಿ ಕಲಿತಳು ಅಂದರೆ, ಒಂದು ದಿನ ದಪ್ಪನೆಯ ಸರವೊಂದು ಬಂತು. ನೋಡೋಕೆ ಅಪ್ಪಟ ಬಂಗಾರ. ತೂಕವೂ ಸರಿ. ನಾನು ಚೀಟಿ ಬರೆಯಲು ಪೆನ್ನು ತೆಗೆದಿದ್ದೆ. ಅವಳು ಸರವನ್ನು ಬೆಳಕಿಗೆ ಹಿಡಿದು ಕೊಂಡಿಯ ಬುಡ ನೋಡಿದಳು. ಅಲ್ಲಿ ಬಣ್ಣ ಸ್ವಲ್ಪ ಕೆಂಪಗಿತ್ತು. ಅರದಿಂದ ಒಂಚೂರು ಕೆರೆದು ಒರೆಗಲ್ಲಿಗೆ ಉಜ್ಜಿದಳು. ಗೆರೆಯ ಮೇಲೆ ಒಂದು ಹನಿ ಆಸಿಡ್ ಬಿಟ್ಟಳು. ಗೆರೆ ಹಸಿರಾಗಿ ಕರಗಿ ಹೋಯಿತು. ಒಳಗೆಲ್ಲ ತಾಮ್ರ! 19 ವರ್ಷದ ನನ್ನ ಕಣ್ಣಿಗೆ ಬೀಳದ್ದು ಅವಳ ಕಣ್ಣಿಗೆ ಬಿತ್ತು. ಈ ಕೆಲಸ ಯಾವ ಕಚೇರಿಯ ಕಾಗದದಿಂದ ಬರುತ್ತದೆ ಹೇಳಿ?

ಅವಳಿಗೂ ವೆರಿಫಿಕೇಶನ್ ಕೇಳಿದರು. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದಳು. ರೂಮು ಇರುವ ಕಡೆಯ ಠಾಣೆಯವರು, ಆಧಾರ್‌ನಲ್ಲಿ ಇರುವುದು ನಿಮ್ಮೂರ ವಿಳಾಸ, ಅಲ್ಲಿಗೆ ಹೋಗಿ ಅಂದರು. ಅಲ್ಲಿಗೆ ಹೋದರೆ, ನೀನು ಈಗ ಇಲ್ಲಿ ವಾಸವೇ ಇಲ್ಲವಲ್ಲ, ಅಲ್ಲಿಗೇ ಹೋಗು ಅಂದರು. ಜುಲೈ ತಿಂಗಳ ಮಳೆಯಲ್ಲಿ ಒಂಬತ್ತು ದಿನ ಓಡಾಡಿದಳು. ಒಂಬತ್ತು ದಿನದ ಸಂಬಳ ಹೋಯಿತು. ಕೊನೆಗೆ ಒಬ್ಬರು, ಬಂಗಾರದ ಅಂಗಡಿಗೇ ಯಾಕೆ ಸೇರಬೇಕು, ನಿನಗೆ ಬೇರೆ ಕೆಲಸ ಸಿಗಲಿಲ್ವಾ ಎಂದು ಎಲ್ಲರ ಎದುರು ಕೇಳಿದರು. ಅವಳು ಅಂಗಡಿಗೆ ಬಂದು ನೆನೆದ ಫೈಲನ್ನು ಮೇಜಿನ ಮೇಲಿಟ್ಟು, ನಾಳೆಯಿಂದ ಬರಲ್ಲ ಅಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವಳು ಮಾಡಿದ ತಪ್ಪಾದರೂ ಏನು ಸ್ವಾಮಿ?

ಅವಳು ಹೋದದ್ದು ನಮಗಿಂತ ಜಾಸ್ತಿ ಕಾಡಿದ್ದು ಊರಿನ ಹೆಂಗಸರನ್ನು. ಮಲೆನಾಡಿನಲ್ಲಿ ಒಡವೆ ಅಡ ಇಡುವ ಕಾಲ ಯಾವುದು ಎಂದು ನಿಮಗೆ ಗೊತ್ತಿರಬೇಕು. ಮಳೆ ಹಿಡಿಯುವ ಹೊತ್ತಿಗೆ ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು, ಇಲ್ಲದಿದ್ದರೆ ಕೊಳೆ ರೋಗ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮರ ಹತ್ತುವವರ ಕೂಲಿ ಬೇರೆ. ಅದೇ ಹೊತ್ತಿಗೆ ಮಕ್ಕಳ ಫೀಸು. ಅಡಿಕೆ ಮಂಡಿಗೆ ಹೋಗಿ ದುಡ್ಡು ಬರುವುದು ಕೊಯ್ಲು ಮುಗಿದ ಮೇಲೆ. ನಡುವಿನ ತಿಂಗಳುಗಳನ್ನು ದಾಟಿಸುವುದು ಅವಲಕ್ಕಿ ಸರ, ಬೆಂಡೋಲೆಗಳೇ. ಅದನ್ನು ಸೆರಗಿನಲ್ಲಿ ಕಟ್ಟಿ ತರುವ ತಾಯಂದಿರು ನನ್ನ ಹತ್ತಿರ ಮಾತಾಡಲು ನಾಚುತ್ತಾರೆ. ಆ ಹುಡುಗಿ ಇದ್ದರೆ ಪಕ್ಕದಲ್ಲಿ ಕೂತು ಕಷ್ಟ ಹೇಳಿಕೊಳ್ಳುತ್ತಿದ್ದರು. ಈಗ ಬಾಗಿಲ ತನಕ ಬಂದು, ಆ ಹುಡುಗಿ ಇಲ್ವಾ ಎಂದು ಕೇಳಿ ಹಿಂದೆ ಹೋಗುವವರಿದ್ದಾರೆ.

ಕದ್ದ ಮಾಲು ಬರುತ್ತದೆ, ಅದಕ್ಕೇ ತಪಾಸಣೆ ಎಂದು ನೀವು ಹೇಳಬಹುದು. ಬರುತ್ತದೆ, ನಾನು ಇಲ್ಲ ಅನ್ನುವುದಿಲ್ಲ. ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಇದೆ. ಕದ್ದದ್ದೆಂದು ಗೊತ್ತಿದ್ದೂ ತೆಗೆದುಕೊಂಡವರು ಮಾಲೀಕರಾಗಲಿ, ನನ್ನಂಥ ಕೆಲಸದವನಾಗಲಿ, ಒಳಗೆ ಹಾಕಿ. ನಮ್ಮ ಪುಸ್ತಕ ತೆಗೆದು ನೋಡಿ, ಚೀಟಿ ನೋಡಿ, ಯಾವ ದಿನ ಬೇಕಾದರೂ ಬನ್ನಿ. ಸಾಲಗಾರರಿಗೆ ಕಿರುಕುಳ ಕೊಡುವವರಿಗೆ 10 ವರ್ಷದ ತನಕ ಜೈಲು ಎಂದು 2025ರಲ್ಲಿ ನಿಮ್ಮ ಸರ್ಕಾರವೇ ಕಿರು ಸಾಲದ ಕಾನೂನು ತಂದಿತು. ನಾವೆಲ್ಲ ಒಳ್ಳೆಯದಾಯಿತು ಅಂದೆವು. ತಪ್ಪು ಮಾಡಿದವರನ್ನು ಹಿಡಿಯಿರಿ. ತಪ್ಪೇ ಮಾಡದ ಕೆಲಸದವರನ್ನು ಕಳ್ಳರ ಹಾಗೆ ಸಾಲಿನಲ್ಲಿ ನಿಲ್ಲಿಸಬೇಡಿ.

ಆ ಠಾಣೆ, ಈ ಕಚೇರಿಯವರ ಮೇಲೆ ಕ್ರಮ ತೆಗೆದುಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಒಂದು ಸುತ್ತೋಲೆ ಕೊಡಿ. ಗಿರವಿ ಅಂಗಡಿಯ ಲೈಸೆನ್ಸಿಗೆ ಕೆಲಸದವರ ಸರ್ಟಿಫಿಕೇಟ್ ಕೇಳಬಾರದು, ಅದಕ್ಕಾಗಿ ಫೈಲು ತಡೆಯಬಾರದು ಎಂದು ಎರಡು ಸಾಲು ಬರೆದು ಎಲ್ಲ ತಾಲ್ಲೂಕಿಗೆ ಕಳಿಸಿ. ಲೈಸೆನ್ಸ್ ಅಂಗಡಿಗೆ ಇರಲಿ, ಕೆಲಸದವರಿಗೆ ಬೇಡ.

ಅವಳು ಈಗ ಶಿವಮೊಗ್ಗದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದಾಳೆ. ಇಲ್ಲಿ ಸಿಗುತ್ತಿದ್ದ ಸಂಬಳಕ್ಕಿಂತ ಕಡಿಮೆ. ಅವಳ ಜಾಗಕ್ಕೆ ನಾವು ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ. ಸುತ್ತೋಲೆ ಬಂದ ದಿನವೇ ಅವಳಿಗೆ ಫೋನ್ ಮಾಡುತ್ತೇನೆ.

ಇಂತಿ,
ಗಿರವಿ ಅಂಗಡಿಯ ಒಬ್ಬ ನೌಕರ
ಶಿವಮೊಗ್ಗ ಜಿಲ್ಲೆ